ಖಾಲಿ ಹೊಟ್ಟೆಯ ಸಕ್ಕರೆ

ಆ ಭಾನುವಾರ ದಿಬ್ಬೂರಹಳ್ಳಿ ಪಕ್ಕದ ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದವಳು ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಎದುರಿಗೆ ಕುರ್ಚಿಯಲ್ಲಿ ಅವಳ ಮಗ, ನನಗೆ ಅಣ್ಣ. ಗೌರಿಬಿದನೂರಿನಲ್ಲಿ ರೂಮು ಮಾಡಿಕೊಂಡು ಕುಡುಮಲಕುಂಟೆಯ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದ. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸು. ಅಡುಗೆಮನೆ ಹೊಸ್ತಿಲ ಮೇಲೆ ಸೊಪ್ಪು ಸೋಸುತ್ತಾ ಅತ್ತಿಗೆ. ನಾಲ್ಕನೆಯವಳು ನಾನು, ಚಿಕ್ಕಬಳ್ಳಾಪುರದ ಸ್ಕೂಲಿನಲ್ಲಿ ಟೀಚರು. ಶಿಡ್ಲಘಟ್ಟದ ಲ್ಯಾಬಿನವರು ಕೊಟ್ಟ ರಿಪೋರ್ಟು ಇಂಗ್ಲಿಷಿನಲ್ಲಿತ್ತು ಅಂತ ಕವರು ನನ್ನ ಕೈಗೆ ಬಂದಿತ್ತು.

ನಮ್ಮಮ್ಮ ಆಗಿನ್ನೂ ಬರಲು ಶುರು ಮಾಡಿರಲಿಲ್ಲ. ಅವಳು ಸತ್ತು ಮೂರು ವರ್ಷವಾಗಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗಿ ಮೇಲೆ ಮುದ್ದೆ ಉಣ್ಣುತ್ತಿದ್ದಳು. ರಾಗಿ ತಿಂದರೆ ಸಕ್ಕರೆ ಏರಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದ ಹಾಗೆ ಅವಳೂ ನಂಬಿದ್ದಳು, ಅದಕ್ಕೇ ಒಂದರ ಜಾಗದಲ್ಲಿ ಎರಡು ಮುದ್ದೆ. ಅಣ್ಣನ ಕಾರ್ಖಾನೆಯಲ್ಲಿ ಒಬ್ಬ ಸೂಪರ್‌ವೈಸರು ಅನ್ನ, ಚಪಾತಿ ಎಲ್ಲಾ ಬಿಟ್ಟು ಬರೀ ಮೊಟ್ಟೆ, ಕೋಳಿ, ಬೆಣ್ಣೆ, ಸೊಪ್ಪು ತಿಂದು ಸಕ್ಕರೆ ಇಳಿಸಿಕೊಂಡನಂತೆ. ಅಣ್ಣ ಅದನ್ನು ಕೇಳಿಕೊಂಡು ಬಂದವನೇ ಮನೆಯಲ್ಲಿ ಜಾರಿ ಮಾಡಿಬಿಟ್ಟ.

"ಮುದ್ದೆ ಬಂದ್, ಅನ್ನ ಬಂದ್, ಬೆಲ್ಲ ಬಂದ್," ಅಂದ.

"ಮುದ್ದೆ ಬಿಟ್ಟು ಸಾರು ಯಾರಿಗೆ ಬಡಿಸ್ತಾಳಪ್ಪ ನಿನ್ನ ಹೆಂಡ್ತಿ, ಗೋಡೆಗಾ?" ಅಂದಳು ದೊಡ್ಡಮ್ಮ.

"ಸೊಪ್ಪು ತಿನ್ನಮ್ಮ, ಎಷ್ಟು ಬೇಕಾದ್ರೂ ತಿನ್ನು."

"ಹೂಂ, ಹುಳಕ್ಕೆ ಹಾಕ್ದಂಗೆ ನಂಗೂ ಮೂರು ಹೊತ್ತು ಸೊಪ್ಪು ಹಾಕಿ. ಹಣ್ಣಾದ ಮೇಲೆ ಎತ್ಕೊಂಡು ಹೋಗಿ ಚಂದ್ರಿಕೆಗೂ ಬಿಟ್ಬಿಡಿ, ಗೂಡು ಕಟ್ತೀನಿ."

ರೇಷ್ಮೆ ಸಾಕುವ ಮನೆ ಅದು. ಹುಳ ಹಣ್ಣಾಯಿತು ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾಯಿತು ಅಂತ. ಆಗ ಅದನ್ನು ತಟ್ಟೆಯಿಂದ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಬಾಯಿಗೆ ಏನು ಬಂದರೂ ದೊಡ್ಡಮ್ಮ ಮಗನ ಮಾತು ಮೀರಲಿಲ್ಲ. ಎರಡು ತಿಂಗಳು ಮುದ್ದೆ ಮುಟ್ಟಲಿಲ್ಲ. ಮಾತ್ರೆ ಮಾತ್ರ ಯಾವತ್ತಿನ ಹಾಗೆ ಎರಡು ಹೊತ್ತು ನಡೆದಿತ್ತು. ಅದನ್ನು ಯಾರೂ ಯೋಚಿಸಲೇ ಇಲ್ಲ. ಊಟ ಬೇರೆ, ಔಷಧಿ ಬೇರೆ ಅಂತಲೇ ನಮ್ಮೆಲ್ಲರ ಲೆಕ್ಕ.

ಕವರು ಒಡೆದೆ. ಖಾಲಿ ಹೊಟ್ಟೆಯ ಸಕ್ಕರೆ ಐವತ್ತೆಂಟು ಅಂತ ಓದಿದೆ.

"ಎಷ್ಟು? ಇನ್ನೊಂದ್ಸಲ ಓದು," ಅಂದ ಅಣ್ಣ.

"ಐವತ್ತೆಂಟು."

"ಯುಗಾದಿ ಟೈಮಲ್ಲಿ ಇನ್ನೂರ ನಲವತ್ತು ಇತ್ತು ಕಣೇ!" ಅಂತ ಕುರ್ಚಿಯಿಂದ ಎದ್ದೇಬಿಟ್ಟ. "ಇನ್ನೂರ ನಲವತ್ತರಿಂದ ಐವತ್ತೆಂಟು! ನಮ್ಮ ಸೂಪರ್‌ವೈಸರದ್ದೇ ನೂರಾ ಹತ್ತರ ಮೇಲಿದೆ."

ಕಡಿಮೆ ಬಂದಷ್ಟೂ ಒಳ್ಳೆಯದು ಅಂತ ನಾವು ತಿಳಿದಿದ್ದೆವು. ಅತ್ತಿಗೆ ಸೊಪ್ಪು ಬಿಟ್ಟು ಚಪ್ಪಾಳೆ ತಟ್ಟಿದಳು. ದೊಡ್ಡಮ್ಮ ಒಬ್ಬಳೇ, "ಅದೇನೋಪ್ಪ, ರಕ್ತ ಕೊಡಾಕೆ ಹೋದ ದಿನ ಬಸ್ಸಲ್ಲೇ ಕಣ್ಣು ಕತ್ಲೆ ಬಂದಿತ್ತು," ಅಂದಳು. ಖಾಲಿ ಹೊಟ್ಟೆಗೆ ಹಾಗೆಯೇ ಅಂದೆವು.

ಕೆಳಗೆ ಕೊಲೆಸ್ಟ್ರಾಲು ಇತ್ತು. ಇನ್ನೂರ ಅರವತ್ತೆಂಟು. ಅದರ ಕೆಳಗಿನ ಕೆಟ್ಟ ಕೊಬ್ಬಿನ ಲೆಕ್ಕಕ್ಕೆ ಲ್ಯಾಬಿನವರು ದಪ್ಪ ಅಕ್ಷರ ಹಾಕಿ ಗೆರೆ ಎಳೆದಿದ್ದರು. ಐವತ್ತೆಂಟಕ್ಕೆ ಗೆರೆ ಇರಲಿಲ್ಲ. ಗೆರೆ ಇದ್ದದ್ದೇ ನಮ್ಮ ಕಣ್ಣಿಗೆ ಬಿತ್ತು.

"ಅಯ್ಯೋ ದೇವುಡಾ, ಹಾರ್ಟಿಗೆ ಬಂದ್ಬಿಡ್ತದೆ!" ಅಂದಳು ಅತ್ತಿಗೆ. ಅವಳು ಚಿಂತಾಮಣಿ ಕಡೆಯವಳು, ಗಾಬರಿಯಾದರೆ ತೆಲುಗು ಬಂದುಬಿಡುತ್ತಿತ್ತು. ಅವತ್ತೇ ತುಪ್ಪದ ಡಬ್ಬ ಅಟ್ಟಕ್ಕೆ ಹೋಯಿತು. ಮೊಟ್ಟೆ ನಿಂತಿತು. ಕೋಳಿ ಭಾನುವಾರಕ್ಕೆ ಮಾತ್ರ. ಸಕ್ಕರೆ ಇಳಿದದ್ದು ಮುದ್ದೆ ಬಿಟ್ಟದ್ದರಿಂದ, ಅದಕ್ಕೆ ಮುದ್ದೆಯೂ ಬೇಡ. ಹೀಗೆ ಒಂದು ಲೆಕ್ಕಕ್ಕೆ ಹೆದರಿ, ಇನ್ನೊಂದು ಲೆಕ್ಕಕ್ಕೆ ಹಿಗ್ಗಿ, ದೊಡ್ಡಮ್ಮನ ತಟ್ಟೆಯಲ್ಲಿ ಉಳಿದದ್ದು ಬೇಯಿಸಿದ ಸೊಪ್ಪು, ಒಂದು ಹಿಡಿ ಕಾಳು, ನೀರು ಮಜ್ಜಿಗೆ. ಮತ್ತೆ ಆ ಎರಡು ಮಾತ್ರೆ.

ಅದಾದ ಮೇಲೆಯೇ ಅಮ್ಮ ಬರಲು ಶುರು ಮಾಡಿದ್ದು.

ಅಮ್ಮನ ವಿಚಾರ ಸ್ವಲ್ಪ ಹೇಳಬೇಕು. ಅಪ್ಪ ಹೋದ ಮೇಲೆ ಅವಳು ಅಕ್ಕನ ಮನೆಯಲ್ಲೇ ಇದ್ದಳು. ಅಕ್ಕತಂಗಿಯರು ಸೇರಿ ಹುಳ ಸಾಕಿದರು. ಒಂದು ಬೆಳೆಯ ಗೂಡು ಬಿಡಿಸಿದ ದಿನವೇ ಅಮ್ಮನಿಗೆ ಜ್ವರ ಹೆಚ್ಚಾಗಿ, ಮಾರನೆ ದಿನ ಚಿಂತಾಮಣಿಯ ಆಸ್ಪತ್ರೆಗೆ ನಾನು ಕರೆದುಕೊಂಡು ಹೋದೆ. ದೊಡ್ಡಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗಲೇಬೇಕಿತ್ತು. ಗೂಡು ಇಟ್ಟುಕೊಂಡರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ಅಮ್ಮ ಆಟೋ ಹತ್ತುವಾಗ ಅಕ್ಕನ ಸೆರಗು ಹಿಡಿದುಕೊಂಡು, "ನೀನೂ ಬಾರೇ," ಅಂದಿದ್ದಳು. "ಸಂಜೆಗೆ ಬರ್ತೀನಿ ಹೋಗೇ," ಅಂದಿದ್ದಳು ದೊಡ್ಡಮ್ಮ. ಅವಳು ಚಿಂತಾಮಣಿಗೆ ಬಂದು ಇಳಿಯುವ ಹೊತ್ತಿಗೆ ನಾವು ಅಮ್ಮನನ್ನು ಊರಿಗೆ ತರುತ್ತಿದ್ದೆವು. ಆಮೇಲೆ ದೊಡ್ಡಮ್ಮ ಆ ಸಂಗತಿ ಎತ್ತಿದ್ದೇ ಇಲ್ಲ. ನಾನೂ ಎತ್ತಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಅತ್ತಿಗೆ ನನಗೆ ಫೋನು ಮಾಡಿದಳು. ಬೆಳಗಿನ ಜಾವ ಮೊದಲ ಸೊಪ್ಪು ಹಾಕುವ ಹೊತ್ತಿಗೆ ದೊಡ್ಡಮ್ಮ ಎದ್ದು ಕೂರುತ್ತಾಳಂತೆ. ಮೈಯೆಲ್ಲಾ ಬೆವರು, ಕೈ ಗಡಗಡ. ಹುಳುಮನೆ ಬಾಗಿಲ ಕಡೆ ನೋಡಿಕೊಂಡು, "ಉಂಡವೇ, ವಸ್ತಾ ಉಂಡಾ," ಅನ್ನುತ್ತಾಳಂತೆ. ಇರೇ, ಬರ್ತಾ ಇದೀನಿ ಅಂತ. ಅಕ್ಕತಂಗಿಯರು ತಮ್ಮತಮ್ಮಲ್ಲಿ ಆಡುತ್ತಿದ್ದದ್ದು ತೆಲುಗೇ.

"ನಿಮ್ಮಮ್ಮನೇ ಕಣಮ್ಮ," ಅಂದಳು ಅತ್ತಿಗೆ. "ಪಿತೃಪಕ್ಷ ಹತ್ರ ಬಂತಲ್ಲ, ಎಡೆ ಕೇಳಾಕೆ ಬಂದಿದಾರೆ."

ಮಹಾಲಯ ಅಮಾವಾಸ್ಯೆಗೆ ನಾನೂ ಹೋದೆ. ಸತ್ತವರಿಗೆಲ್ಲಾ ಬಾಳೆಲೆ ಹಾಕಿ ಒಬ್ಬಟ್ಟು, ಪಾಯಸ, ಅನ್ನ, ವಡೆ ಎಲ್ಲಾ ಬಡಿಸಿ ಎಡೆ ಇಟ್ಟೆವು. ಎಡೆಯದ್ದು ಮನೆಯವರು ತಿನ್ನಲೇಬೇಕು, ಅದಕ್ಕೆ ಪಥ್ಯ ಅನ್ನುವಂತಿಲ್ಲ. ದೊಡ್ಡಮ್ಮ ಅಮ್ಮನ ಎಲೆ ಎಳೆದುಕೊಂಡು ಕೂತು ಎರಡು ಒಬ್ಬಟ್ಟು ತಿಂದಳು, ರಾತ್ರಿಗೂ ಮಿಕ್ಕಿದ ಪಾಯಸ ಕುಡಿದಳು. ಮಾರನೆ ಬೆಳಿಗ್ಗೆ ಅಮ್ಮ ಬರಲಿಲ್ಲ.

"ನೋಡಿದ್ಯಾ?" ಅಂದಳು ಅತ್ತಿಗೆ.

ಆದರೆ ಪಥ್ಯ ಮತ್ತೆ ಶುರುವಾಯಿತು, ಅಮ್ಮನೂ ಮತ್ತೆ ಬಂದಳು. ಒಂದು ದಿನದ ಎಡೆಗೆ ತೃಪ್ತಿಯಾಗಿಲ್ಲ ಅಂದುಕೊಂಡು ಅತ್ತಿಗೆ ಒಂದು ಕ್ರಮ ಮಾಡಿಕೊಂಡಳು. ದಿನಾ ಮಲಗುವ ಮುಂಚೆ ಎಲೆ ದೊನ್ನೆಯಲ್ಲಿ ಬೆಲ್ಲ ಅವಲಕ್ಕಿ ಕಲಸಿ ಮುಚ್ಚಿಡುವುದು. ಜಾವದಲ್ಲಿ ದೊಡ್ಡಮ್ಮ ನಡುಗಲು ಶುರು ಮಾಡಿದರೆ ದೊನ್ನೆಯನ್ನು ಹುಳುಮನೆ ಹೊಸ್ತಿಲಿಗೆ ಇಟ್ಟು, ಕೈಮುಗಿದು, ಆಮೇಲೆ ಆ ಎಡೆಯನ್ನು ದೊಡ್ಡಮ್ಮನ ಬಾಯಿಗೆ ಹಾಕುವುದು. ಸ್ವಲ್ಪ ಹೊತ್ತಿಗೆ ಬೆವರು ಆರುತ್ತಿತ್ತು, ಕೈ ನಿಲ್ಲುತ್ತಿತ್ತು, ಅಮ್ಮ ಹೋಗುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಇದಕ್ಕಿಂತ ಸಾಕ್ಷಿ ಏನು ಬೇಕು?

ದಸರಾ ರಜೆಗೆ ಹೋದಾಗ ನಾನೇ ಕಣ್ಣಾರೆ ಕಂಡೆ. ಪಡಸಾಲೆಯಲ್ಲಿ ದೊಡ್ಡಮ್ಮನ ಪಕ್ಕದಲ್ಲೇ ಮಲಗಿದ್ದೆ. ಇನ್ನೂ ಬೆಳಕಾಗಿರಲಿಲ್ಲ. ಹುಳುಮನೆಯಲ್ಲಿ ಸಣ್ಣ ಬಲ್ಬು ಉರಿಯುತ್ತಿತ್ತು, ಒಳಗಿನಿಂದ ಹುಳ ಸೊಪ್ಪು ಮೇಯುವ ಸರಸರ. ದೊಡ್ಡಮ್ಮ ಎದ್ದು ಕೂತಿದ್ದಳು. ಕೈ ಮುಟ್ಟಿದೆ, ತಣ್ಣಗೆ, ಒದ್ದೆ.

"ಯಾರಿದಾರೆ ದೊಡ್ಡಮ್ಮ?"

"ನಿಮ್ಮಮ್ಮ. ಸೊಪ್ಪಿನ ಮಂಕರಿ ಇಟ್ಕೊಂಡು ನಿಂತವಳೆ. ಎಡಗೈ ಮಣಿಕಟ್ಟಿಗೆ ಅದೇನು ಬಿಳೀದು ಅಂಟಿಸ್ಕೊಂಡವಳೆ ನೋಡು."

ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿ ಅಮ್ಮನ ಎಡಗೈಗೆ ಪ್ಲಾಸ್ಟರು ಅಂಟಿಸಿದ್ದರು. ಊರಿಗೆ ತರುವ ಮುಂಚೆ ನರ್ಸು ಕಿತ್ತು ಹಾಕಿದ್ದಳು. ದೊಡ್ಡಮ್ಮ ಅದನ್ನು ನೋಡಿರಲಿಲ್ಲ. ಅಳುವಾಗ ನಾನೇ ಯಾವಾಗಲೋ ಹೇಳಿದ್ದೆನೋ ಏನೋ. ಎಷ್ಟು ಯೋಚಿಸಿದರೂ ಇವತ್ತಿಗೂ ಗೊತ್ತಾಗಿಲ್ಲ.

ಅತ್ತಿಗೆ ದೊನ್ನೆ ತಂದಳು. ದೊಡ್ಡಮ್ಮ ಬಾಯಿ ತಿರುಗಿಸಿದಳು. "ಬ್ಯಾಡ. ಅವಳು ಮಾತಾಡಾಕೆ ಬಾಯಿ ತೆರೆಯೋ ಹೊತ್ಗೆ ತಿನ್ನಿಸಿ ಕಳಿಸ್ಬಿಡ್ತೀರ." ಅತ್ತಿಗೆ ಬಿಡಲಿಲ್ಲ, ಮಗುವಿಗೆ ತುರುಕಿದ ಹಾಗೆ ತುರುಕಿದಳು. ಬೆಳಕು ಹರಿಯಿತು. ದೊಡ್ಡಮ್ಮ ಕಣ್ಣೊರೆಸಿಕೊಂಡು ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದಳು.

ಅವತ್ತು ಮಧ್ಯಾಹ್ನವೇ ಅವಳನ್ನು ಚಿಕ್ಕಬಳ್ಳಾಪುರಕ್ಕೆ, ನಾನು ತೋರಿಸಿಕೊಳ್ಳುತ್ತಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ದೆವ್ವದ ಸುದ್ದಿ ಹೇಳಿದರೆ ನಗುತ್ತಾರೇನೋ ಅಂತ ಹಳೇ ರಿಪೋರ್ಟು ಮುಂದಿಟ್ಟು ಕೊಲೆಸ್ಟ್ರಾಲಿನಿಂದ ಶುರು ಮಾಡಿದೆ. ಆಕೆ ಗೆರೆ ಎಳೆದ ಸಾಲನ್ನು ನೋಡಲೇ ಇಲ್ಲ. ಮೇಲಿನ ಐವತ್ತೆಂಟರ ಮೇಲೆ ಬೆರಳಿಟ್ಟು, "ಇದನ್ನ ಯಾರೂ ನೋಡ್ಲಿಲ್ವಾ?" ಅಂದರು.

"ನೋಡಿದ್ವಿ ಮೇಡಂ. ಸಂತೋಷಪಟ್ವಿ."

ಆಗ ದೊಡ್ಡಮ್ಮನೇ ಬಾಯಿಬಿಟ್ಟಳು, ತಂಗಿ ಬರುವುದನ್ನೆಲ್ಲಾ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಪೂರಾ ಕೇಳಿದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ.

"ಎಷ್ಟು ಹೊತ್ತಿಗೆ ಬರ್ತಾರಮ್ಮ ಅವರು?"

"ಜಾವದಾಗೆ."

"ಏನು ತಿಂದ ಮೇಲೆ ಹೋಗ್ತಾರೆ?"

"ಬೆಲ್ಲ ಅವಲಕ್ಕಿ."

ಆಕೆ ನನ್ನ ಕಡೆ ತಿರುಗಿದರು. "ಮುದ್ದೆ ತಿಂತಿದ್ದೋರಿಗೆ ಅಂತ ಬರೆದ ಮಾತ್ರೆ ಇದು. ಮುದ್ದೆ ಬಿಟ್ಟ ದಿನವೇ ಮಾತ್ರೆನೂ ಇಳಿಸ್ಬೇಕಿತ್ತು. ಊಟ ಬಿಡಿಸಿ ಮಾತ್ರೆ ಕೊಟ್ರೆ ಅದು ಇರೋ ಸಕ್ಕರೆನೂ ಇಳಿಸ್ತಾ ಹೋಗತ್ತೆ. ಜಾವಕ್ಕೆ ಮೆದುಳಿಗೇ ಸಾಲದ ಹಾಗೆ ಆಗತ್ತೆ. ಬೆವರು, ನಡುಕ, ಇಲ್ಲದ್ದು ಕಾಣೋದು ಎಲ್ಲಾ ಅದರದ್ದೇ. ನಿಮ್ಮ ಅತ್ತಿಗೆ ಬೆಲ್ಲದ ಬದಲು ಬೇವಿನಸೊಪ್ಪು ಎಡೆ ಇಟ್ಟಿದ್ರೆ ಇವರು ಇವತ್ತು ನನ್ನೆದುರು ಕೂತಿರ್ತಿರಲಿಲ್ಲ."

"ಮತ್ತೆ ಕೊಲೆಸ್ಟ್ರಾಲು?"

"ಇದೆ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ನೋಡಿ, ಟ್ರೈಗ್ಲಿಸರೈಡು ಅನ್ನೋ ಕೊಬ್ಬು ಕಮ್ಮಿ ಇದೆ, ಒಳ್ಳೇ ಕೊಬ್ಬು ಚೆನ್ನಾಗಿದೆ. ಕೆಟ್ಟದ್ದು ಹೆಚ್ಚಿದೆ, ಅದನ್ನ ಮೂರು ತಿಂಗಳು ಬಿಟ್ಟು ಮತ್ತೆ ನೋಡಿ ಏನು ಮಾಡೋದು ಅಂತ ಹೇಳ್ತೀನಿ. ಅದು ನಾಳೆ ಬೆಳಿಗ್ಗೆಗೆ ಪ್ರಾಣ ತೆಗೆಯಲ್ಲ. ಈ ಐವತ್ತೆಂಟು ತೆಗೆಯತ್ತೆ."

ರಾತ್ರಿಯ ಮಾತ್ರೆ ನಿಲ್ಲಿಸಿದರು, ಬೆಳಗಿನದ್ದು ಅರ್ಧ ಮಾಡಿದರು. ರಾತ್ರಿ ಅರ್ಧ ಮುದ್ದೆ, ದಿನಕ್ಕೊಂದು ಮೊಟ್ಟೆ ತಿನ್ನಲಿ ಅಂದರು. ಬೆರಳು ಚುಚ್ಚಿ ನೋಡುವ ಪುಟ್ಟ ಮಿಷನ್ನು ಕೈಗೆ ಕೊಟ್ಟು, ರಜೆ ಮುಗಿಯುವವರೆಗೂ ಜಾವದಲ್ಲಿ ನೋಡಿ, ಆಮೇಲೆ ವಾಪಸು ತಂದುಕೊಡಿ ಅಂದರು. ಹಲ್ಲು ಕಚ್ಚಿಕೊಂಡಿದ್ದರೆ ನೀರು ಹುಯ್ಯಬೇಡಿ, ಬೆಲ್ಲದ ಪುಡಿ ಒಸಡಿಗೆ ತಿಕ್ಕಿ ಅಂತಲೂ ಹೇಳಿಕೊಟ್ಟರು.

ಅಮ್ಮ ಬರುವುದು ನಿಂತಿತು. ದಿನಾ ಜಾವಕ್ಕೆ ಎದ್ದು ಚುಚ್ಚಿ ನೋಡುತ್ತಿದ್ದೆ. ನೂರು, ನೂರಾ ಹತ್ತು, ಹಾಗೆ. ಅತ್ತಿಗೆ ನಾಲ್ಕು ದಿನ ನಂಬದೆ ದೊನ್ನೆ ಕಲಸಿಟ್ಟಳು, ಆಮೇಲೆ ಬಿಟ್ಟಳು. ಅಣ್ಣ ಫೋನಿನಲ್ಲಿ, "ಕೇಳ್ದೆ, ನಮ್ಮ ಸೂಪರ್‌ವೈಸರ್ ಮಾತ್ರೆ ತಗೊಳ್ತಾನೇ ಇರ್ಲಿಲ್ವಂತೆ ಕಣೇ," ಅಂದ. ಎಲ್ಲರಿಗೂ ಬದುಕಿದೆವು ಅನ್ನಿಸಿತು, ದೊಡ್ಡಮ್ಮನನ್ನು ಬಿಟ್ಟು. ಅವಳು ಅರ್ಧ ಮುದ್ದೆಯನ್ನು ಬೆರಳಲ್ಲಿ ಮುರಿಯುತ್ತಾ, "ನಿಮ್ಮಮ್ಮಂಗೆ ಬಾಗ್ಲು ಹಾಕ್ಬಿಟ್ಲು ಆ ಡಾಕ್ಟರಮ್ಮ," ಅಂದಳು. ತಮಾಷೆಗೆ ಅಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ.

ರಜೆ ಮುಗಿಯಲು ಇನ್ನೇನು ಎರಡು ದಿನ ಇತ್ತು. ಜಾವದಲ್ಲಿ ಕಿವಿ ಹತ್ತಿರವೇ, "ಉಂಡವೇ," ಅಂದದ್ದು ಕೇಳಿ ಎಚ್ಚರವಾಯಿತು.

ದೊಡ್ಡಮ್ಮನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಬೆರಳು ಹಿಡಿದು ಚುಚ್ಚಿದೆ, ಅವಳಿಗೆ ಗೊತ್ತೇ ಆಗಲಿಲ್ಲ. ಮಿಷನ್ನು ಮೂವತ್ತೊಂಬತ್ತು ಅಂತ ತೋರಿಸಿತು. ಅತ್ತಿಗೆಯನ್ನು ಕೂಗಿದೆ. ಬೆಲ್ಲದ ಡಬ್ಬ ತೆಗೆಯುವಾಗ ದೊಡ್ಡಮ್ಮ ನನ್ನ ಮುಂಗೈ ಹಿಡಿದಳು. ಅಷ್ಟು ನಡುಗುವ ಕೈಯಲ್ಲಿ ಎಲ್ಲಿತ್ತೋ ಆ ಶಕ್ತಿ.

"ತಡಿ ಅಮ್ಮಣ್ಣಿ. ಒಂದೇ ಒಂದ್ನಿಮಿಷ. ಬಾಯಿ ತೆರೀತಾವಳೆ."

ನಾನು ತಿರುಗಿ ಬಾಗಿಲು ನೋಡಿದೆ. ನೋಡದೆ ಇರಲಾಗಲಿಲ್ಲ. ಬಲ್ಬಿನ ಮಂಕು ಬೆಳಕು, ತಟ್ಟೆಗಳ ಸಾಲು, ನೆಲದ ಮೇಲೆ ಉದುರಿದ ಸೊಪ್ಪು. ಹುಳ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವಲ್ಲ, ಹಾಗೆ. ಮೇಯುವ ಸದ್ದೂ ಇರಲಿಲ್ಲ. ನನ್ನ ಆಯಸ್ಸಿನಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಲ್ಲ. ಯಾರಾದರೂ ಮಾತಾಡಿದ್ದರೆ ಖಂಡಿತ ಕೇಳಿಸುತ್ತಿತ್ತು.

ದೊಡ್ಡಮ್ಮನ ಕತ್ತು ಒಂದು ಕಡೆಗೆ ವಾಲಿತು. ಹಲ್ಲು ಕಚ್ಚಿಕೊಂಡಿದ್ದವು. ನಾನು ಬೆರಳಿಗೆ ಬೆಲ್ಲದ ಪುಡಿ ಮೆತ್ತಿಕೊಂಡು ಅವಳ ಕೆನ್ನೆಯೊಳಗೆ ತೂರಿಸಿ ತಿಕ್ಕಿದೆ. ಮತ್ತೆ, ಮತ್ತೆ ತಿಕ್ಕಿದೆ. ಅತ್ತಿಗೆ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ತೆಲುಗಿನಲ್ಲಿ ಯಾವ ಯಾವ ದೇವರನ್ನೋ ಕರೆಯುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ದೊಡ್ಡಮ್ಮ ನುಂಗಿದಳು. ಆಮೇಲೆ ಬೆಲ್ಲದ ನೀರು ಕುಡಿಸಿದೆವು.

"ಹೋದ್ಲು," ಅಂದಳು, ಕಣ್ಣು ಬಿಟ್ಟು.

"ನೀನೂ ಹೋಗ್ತಿದ್ದೆ ದೊಡ್ಡಮ್ಮ."

"ಗೊತ್ತಿತ್ತು."

ಬೆಳಕಾದ ಮೇಲೆ ಅತ್ತಿಗೆ ಹಿತ್ತಲ ಮುಸುರೆ ಬಾನಿಯಲ್ಲಿ ರಾತ್ರಿಯ ಅರ್ಧ ಮುದ್ದೆ ಬಿದ್ದಿದ್ದದ್ದು ನೋಡಿ ಬಂದಳು. ಊಟ ಬಿಟ್ಟು, ನಿಲ್ಲಿಸಿದ್ದ ರಾತ್ರಿ ಮಾತ್ರೆ ನುಂಗಿದ್ದಾಳೆ, ಹಳೆಯ ಮಾತ್ರೆಯ ಪಟ್ಟಿ ದೊಡ್ಡಮ್ಮನ ಹತ್ತಿರವೇ ಎಲ್ಲೋ ಇರಬೇಕು ಅಂತ ನನಗೆ ಗೊತ್ತಾಯಿತು. ಅತ್ತಿಗೆ ರೇಗಾಡಿದಳು. "ನಮ್ಮ ತಲೆ ಮೇಲೆ ತರ್ಬೇಕು ಅಂತಾನಾ ಅತ್ತೆ? ಊರೋರು ಏನಂತಾರೆ, ಸೊಸೆ ಕೂಳಿಕ್ಕದೆ ಸಾಯಿಸಿದ್ಲು ಅನ್ನಲ್ವಾ?" ಅಂತ ಅತ್ತಳು. ಅತ್ತಿಗೆ ತೋಟಕ್ಕೆ ಹೋದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕರೆದಳು.

"ಅವತ್ತು ಆಸ್ಪತ್ರೇಲಿ ನಿನ್ನತ್ರ ಏನಂದ್ಲು? ಅಕ್ಕ ಬರ್ಲಿಲ್ಲ ಅಂತ ಬೈದ್ಲಾ? ಬೈದಿದ್ರೂ ಹೇಳ್ಬಿಡು. ನಂಗೆ ಬೇಜಾರಾಗ್ತದೆ ಅಂತ ಮುಚ್ಚಿಟ್ಕೊಂಡಿದೀಯ ನೀನು."

ಮೂರು ವರ್ಷ ಅವಳು ಹಾಗೆ ಅಂದುಕೊಂಡಿದ್ದಳು ಅಂತ ನನಗೆ ಹೊಳೆದೇ ಇರಲಿಲ್ಲ.

"ಏನೂ ಅನ್ಲಿಲ್ಲ ದೊಡ್ಡಮ್ಮ. ದಾರಿ ಅರ್ಧ ಆಗೋ ಹೊತ್ಗೇ ಅವಳಿಗೆ ಜ್ಞಾನ ತಪ್ಪಿತ್ತು. ಬೆಳಗಿಂದ ಸಂಜೆವರೆಗೂ ಪಕ್ಕದಲ್ಲಿ ಕೂತಿದ್ದೆ. ಕಣ್ಣೇ ಬಿಡ್ಲಿಲ್ಲ."

"ನಿನ್ನತ್ರಾನೂ ಮಾತಾಡ್ಲಿಲ್ವಾ?"

"ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು, ಸುಳ್ಳೋ ನಿಜವೋ ಅಂತ. ಆಮೇಲೆ ಅವಳ ಕೈ ನನ್ನ ತಲೆಯ ಮೇಲೆ ಬಂತು. "ಅಯ್ಯೋ ಕೂಸೇ," ಅಂದಳು, "ನಿನ್ನನ್ನೂ ಹಂಗೇ ಬಿಟ್ಟು ಹೋದ್ಲಾ?" ಅಷ್ಟು ಹೊತ್ತು ಅವಳನ್ನು ಸಮಾಧಾನ ಮಾಡಲು ಕೂತಿದ್ದವಳು ನಾನು, ಈಗ ನಾನೇ ಅಳತೊಡಗಿದೆ. ಅವಳು ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಒಳಗಿದ್ದ ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಗಿಟ್ಟು, ಹುಳ ಎದ್ದವೇನೋ ನೋಡಬೇಕು ಅಂತ ಎದ್ದು ಹೋದಳು.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟಾಗ ಖಾಲಿ ಹೊಟ್ಟೆಯದ್ದು ನೂರಾ ಹದಿನೆಂಟಿತ್ತು. ಅಣ್ಣನ ಮುಖ ಸಪ್ಪಗಾಯಿತು. ಡಾಕ್ಟರಮ್ಮ ಮಾತ್ರ, "ಈ ವಯಸ್ಸಿಗೆ ಇದೇ ಚೆನ್ನ," ಅಂದರು. ಕೊಲೆಸ್ಟ್ರಾಲು ಸ್ವಲ್ಪ ಇಳಿದಿತ್ತು, ಸ್ವಲ್ಪ ಉಳಿದಿತ್ತು. ಅದಕ್ಕೊಂದು ಸಣ್ಣ ಮಾತ್ರೆ ಬರೆದರು. ಜಾವದಲ್ಲಿ ಅಮ್ಮ ಮತ್ತೆ ಬರಲಿಲ್ಲ, ಅಥವಾ ಬಂದದ್ದನ್ನು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ.

ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ ನಾನು ಕ್ಲಾಸಿನಲ್ಲಿದ್ದಾಗ ಅಣ್ಣನ ಫೋನು ಬಂತು. ಶಿಡ್ಲಘಟ್ಟದ ಬಸ್ಸು ಹಿಡಿದು, ಅಲ್ಲಿಂದ ಆಟೋ ಮಾಡಿಕೊಂಡು ಹೋದೆ. ದೊಡ್ಡಮ್ಮನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಊಟ ಮಾಡಿ ಅಡ್ಡಾಗಿದ್ದವಳು ಮತ್ತೆ ಏಳಲಿಲ್ಲವಂತೆ. ಪಕ್ಕದಲ್ಲಿ ಕೂತಿದ್ದ ಅತ್ತಿಗೆಯನ್ನು, "ಯಾರನ್ನಾದ್ರೂ ಕರೆದ್ಲಾ?" ಅಂತ ಕೇಳಿದೆ.

"ಇಲ್ಲ ಕಣಮ್ಮ," ಅಂದಳು ಅತ್ತಿಗೆ. "ನೀರು ಕೇಳಿದ್ರು. ಕೊಟ್ಟೆ. ಕುಡಿದ್ರು."